ಗುರಿಯಲ್ಲದ ಪ್ರಾಣಿ



ಇಂದು ನಾನು ಕವಿತೆ ಓದಬೇಕಿತ್ತು. ಅದರ ಬದಲು ಒಂದು ನಾಯಿಯ ಸಾವಿನ ಕುರಿತು ಮಾತನಾಡಲು ನಿಮ್ಮ ಅನುಮತಿ ಬೇಡುತ್ತೇನೆ.

ಕರಿಯ ಲೀಡ್ಸ್‌ನ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಬಾಳಿದ. ಕನ್ನಡದಲ್ಲಿ ಕರೆದರೆ ಮಾತ್ರ ಓಡಿ ಬರುತ್ತಿದ್ದ. ಕಳೆದ ಚಳಿಗಾಲದ ಒಂದು ಸಂಜೆ, ಯಾರ್ಕ್‌ಷೈರ್ ಡೇಲ್ಸ್‌ನ ಕಾಲುದಾರಿಯಲ್ಲಿ ಮೊಲವೊಂದರ ಬೆನ್ನುಹತ್ತಿ ಹೋದವನು ಎಷ್ಟು ಕೂಗಿದರೂ ಓಗೊಡಲಿಲ್ಲ. ಮರುದಿನ ಬೆಳಿಗ್ಗೆ ಬೇಲಿಯ ಬುಡದಲ್ಲಿ ಸಿಕ್ಕಿದ. ನರಿಗೆಂದು ಒಡ್ಡಿದ್ದ ತಂತಿಯ ಉರುಲು ಬೇಲಿಗೆ ತೊಡರಿ ಕೊರಳನ್ನು ಬಿಗಿದಿತ್ತು. ಸುತ್ತಲಿನ ಹುಲ್ಲೆಲ್ಲ ಕಿತ್ತುಹೋಗಿ ಮಣ್ಣು ಕಾಣುತ್ತಿತ್ತು.

ದೂರು ಕೊಡಲು ಹೋದಾಗ ತಿಳಿಯಿತು, ಆ ಉರುಲು ಕಾನೂನುಬದ್ಧ. 1981ರ ವನ್ಯಜೀವಿ ಕಾಯ್ದೆ ತಾನಾಗಿ ಸಡಿಲಗೊಳ್ಳದ ಉರುಲನ್ನು ಮಾತ್ರ ನಿಷೇಧಿಸಿದೆ. ಉಳಿದವನ್ನು ದಿನಕ್ಕೊಮ್ಮೆ ಪರಿಶೀಲಿಸಿದರೆ ಸಾಕು. ಕರಿಯನಿಗೆ ಒಂದು ದಿನದ ಕಾಲಾವಕಾಶವಿರಲಿಲ್ಲ. ಹಲ್ಲುಗಳುಳ್ಳ ಜಿನ್ ಬೋನನ್ನು ಈ ದೇಶ 1958ರಲ್ಲೇ ತೊರೆಯಿತು. ವೇಲ್ಸ್ 2023ರಲ್ಲಿ, ಸ್ಕಾಟ್ಲೆಂಡ್ 2024ರಲ್ಲಿ ಉರುಲುಗಳನ್ನು ನಿಷೇಧಿಸಿದವು. ಇಂಗ್ಲೆಂಡಿನಲ್ಲಿ ಅದು ಈಗ ಆಳುವ ಪಕ್ಷದ 2024ರ ಪ್ರಣಾಳಿಕೆಯ ಭರವಸೆ. 2025ರ ಬೇಸಿಗೆಯಲ್ಲೂ ಅದು ಕಾಯ್ದೆಯಾಗಿರಲಿಲ್ಲ.

ಅಂದು ಒಬ್ಬರು ಸಹಾನುಭೂತಿಯಿಂದಲೇ ಹೇಳಿದರು: “ನಿಮ್ಮದು ಗುರಿಯಲ್ಲದ ಪ್ರಾಣಿ.” ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನರಿಯಾಗಿದ್ದರೆ ಸರಿಯಾಗುತ್ತಿತ್ತೇ? ಅದಕ್ಕೂ ಅದೇ ತಂತಿ, ಅದೇ ದೀರ್ಘ ರಾತ್ರಿ.

ಇನ್ನೊಂದನ್ನು ಮುಚ್ಚಿಡಲಾರೆ. ಮಲೆನಾಡಿನ ನಮ್ಮ ತೋಟದಲ್ಲೂ ಹಂದಿಗೆ ಉರುಲು ಒಡ್ಡುತ್ತಿದ್ದರು. ಬಾಲಕನಾಗಿದ್ದ ನಾನು ತಂತಿ ಹಿಡಿದುಕೊಂಡು ನಿಂತಿದ್ದೇನೆ. ಭಾರತದ 1972ರ ಕಾಯ್ದೆ ಉರುಲೊಡ್ಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಆದರೂ ಹಂದಿಯ ಉರುಲಿಗೆ ಸಿಕ್ಕಿ ಚಿರತೆಗಳು ಸಾಯುವ ಸುದ್ದಿ ಊರಿನಿಂದ ಈಗಲೂ ಬರುತ್ತದೆ. ಅಂದು ನನಗೆ ಆ ಪ್ರಾಣಿಗಳ ರಾತ್ರಿಯ ನೆನಪೇ ಬರಲಿಲ್ಲ. ಕರಿಯ ಸತ್ತ ಮೇಲೆ ಬಂತು. ಇದು ನನ್ನ ನಾಚಿಕೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಕ್ರಿ.ಶ. 949–50ರ ಸುಮಾರಿಗೆ, ಮಣಲೇರನೆಂಬ ವೀರನು ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ. ಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಮಡಿದವೆಂದು ಶಾಸನ ಹೇಳುತ್ತದೆ. ಅಲ್ಲಿ ಎದುರಾಳಿಗೂ ಒಂದು ಸಾಲಿದೆ. ಉರುಲು ಮಾತ್ರ ಯಾರ ಮುಖವನ್ನೂ ನೋಡುವುದಿಲ್ಲ. ಅದನ್ನು ಒಡ್ಡಿದವನೂ ಅಲ್ಲಿರುವುದಿಲ್ಲ.

ಕರಿಯನಿಗೆ ಕಲ್ಲು ನಿಲ್ಲಿಸುವ ಶಕ್ತಿ ನನಗಿಲ್ಲ. ನೀವು ನಿಮ್ಮ ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ನಾಯಿಯ ಹೆಸರಿನೊಂದಿಗೆ ನರಿಯ ಹೆಸರನ್ನೂ ಸೇರಿಸಿ.