ಇಲಿಗಳ ಭಂಡಾರವೂ ವೈದ್ಯಶಾಲೆಯೂ



ಅಮೇರಿಕಾ ದೇಶದ ನೈಋತ್ಯ ಭಾಗದಲ್ಲಿ ನ್ಯೂ ಮೆಕ್ಸಿಕೋ ಎಂಬ ಸಂಸ್ಥಾನವಿರುವುದು. ಮಳೆ ಅಲ್ಪ, ಬಯಲು ವಿಶಾಲ, ಜನವಸತಿ ವಿರಳ. ಅಲ್ಲಿಯ ಆಲ್ಬುಕರ್ಕಿ ಪಟ್ಟಣದಲ್ಲಿ 1889ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೊಂದುಂಟು. ಅದಕ್ಕೆ ಸೇರಿದ ವೈದ್ಯಶಾಲೆಯೂ ದೊಡ್ಡ ಆಸ್ಪತ್ರೆಯೂ ಇವೆ. ಅದೇ ವಿದ್ಯಾನಿಲಯದಲ್ಲಿ ನೈಋತ್ಯ ಜೀವಶಾಸ್ತ್ರದ ವಸ್ತುಸಂಗ್ರಹಾಲಯವೆಂಬ ಇನ್ನೊಂದು ಸಂಸ್ಥೆಯೂ ಇದೆ. ಅಲ್ಲಿ ಇಲಿ, ಅಳಿಲು, ಬಾವಲಿ, ಹಕ್ಕಿ, ಹಾವು, ಮೀನುಗಳನ್ನು ಸಾಲುಸಾಲಾಗಿ ಪೆಟ್ಟಿಗೆಗಳಲ್ಲಿ ಕಾದಿರಿಸಿರುತ್ತಾರೆ. ವೈದ್ಯನಿಗೆ ಬೇಕಾದುದು ರೋಗಿಯ ನಾಡಿ. ಸತ್ತ ಇಲಿಯ ತೊಗಲು ಅವನಿಗೇಕೆ ಎಂದು ಕೇಳುವವರು ಅಲ್ಲಿಯೂ ಇದ್ದರು. ಆ ಪ್ರಶ್ನೆಗೆ 1993ನೆಯ ಇಸವಿಯಲ್ಲಿ ಉತ್ತರವು ದೊರೆಯಿತು. ಆ ವೃತ್ತಾಂತವೇ ಇಂದಿನ ವಿಷಯವು.

ಆ ವರ್ಷದ ಮೇ ತಿಂಗಳು. ನ್ಯೂ ಮೆಕ್ಸಿಕೋ, ಅರಿಜೋನಾ, ಕೊಲರಾಡೋ, ಯೂಟಾ ಎಂಬ ನಾಲ್ಕು ಸಂಸ್ಥಾನಗಳ ಎಲ್ಲೆಗಳು ಒಂದೇ ಬಿಂದುವಿನಲ್ಲಿ ಕೂಡುವ ಸೀಮೆಯಲ್ಲಿ ನವಾಹೊ ಎಂಬ ಆದಿನಿವಾಸಿಗಳು ಬಹುಕಾಲದಿಂದ ಬಾಳಿಕೊಂಡು ಬಂದಿರುವರು. ಅವರಲ್ಲಿ ದೃಢಕಾಯನಾದ ತರುಣನೊಬ್ಬನು ಉಸಿರಾಡಲಾರದೆ ಗ್ಯಾಲಪ್ ಎಂಬ ಊರಿನ ಆಸ್ಪತ್ರೆಗೆ ಬಂದು ಅಲ್ಪಕಾಲದಲ್ಲಿಯೇ ಮಡಿದನು. ಅವನು ಕೈಹಿಡಿಯಬೇಕಾಗಿದ್ದ ಕನ್ಯೆಯು ಕೆಲವೇ ದಿನಗಳ ಮುಂಚೆ ಅದೇ ರೀತಿಯಾಗಿ ತೀರಿಕೊಂಡಿದ್ದಳು. ವೈದ್ಯರು ವಿಚಾರಿಸುತ್ತ ಹೋದಂತೆ ಇಂಥವೇ ಇನ್ನೂ ಕೆಲವು ಮರಣಗಳು ಬೆಳಕಿಗೆ ಬಂದವು. ಮೊದಲು ಜ್ವರ, ಮೈಕೈ ನೋವು. ಆಮೇಲೆ ಏಕಾಏಕಿ ಶ್ವಾಸಕೋಶಗಳಲ್ಲಿ ನೀರು ತುಂಬಿ ರೋಗಿಯು ಒಣನೆಲದ ಮೇಲೆಯೇ ಮುಳುಗಿದವನಂತೆ ಸಾಯುವನು. ಮೊದಮೊದಲು ಕಂಡ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯಲಿಲ್ಲ. ಸತ್ತವರಲ್ಲಿ ಬಹುಮಂದಿ ಮುದುಕರಲ್ಲ, ರೋಗಿಷ್ಠರಲ್ಲ; ದುಡಿಯುವ ವಯಸ್ಸಿನವರು.

ಹೆಸರು ತಿಳಿಯದ ರೋಗಕ್ಕೆ ಜನರು ಬಹಳ ಬೇಗ ಹೆಸರಿಡುವರು. ಪತ್ರಿಕೆಗಳು ಇದನ್ನು ನವಾಹೊ ಜ್ವರವೆಂದು ಕರೆದವು. ಒಂದು ಕುಲದ ಹೆಸರನ್ನು ರೋಗಕ್ಕೆ ಅಂಟಿಸಿದೊಡನೆಯೇ ಆ ಕುಲದ ಮಕ್ಕಳನ್ನೂ ಮುಟ್ಟಬಾರದವರಂತೆ ಕಾಣುವುದು ಆರಂಭವಾಯಿತು. ಕ್ಯಾಲಿಫೋರ್ನಿಯದ ಶಾಲೆಯೊಂದನ್ನು ನೋಡಲು ಹೊರಟಿದ್ದ ನವಾಹೊ ಬಾಲಕರಿಗೆ ಬರಕೂಡದೆಂದು ಹೇಳಿಕಳುಹಿಸಲಾಯಿತು. ಇದು ಸೇನೆಯವರು ಗುಟ್ಟಾಗಿ ತಯಾರಿಸಿದ ವಿಷವೆಂದು ಕೆಲವರು ಹೇಳಿದರು; ಎಲ್ಲಿಂದಲೋ ಬಂದ ಹೊಸ ಪಿಡುಗೆಂದು ಮತ್ತೆ ಕೆಲವರು. ರೋಗವು ಕೊಂದುದು ಕೆಲವರನ್ನು. ಮಾತು ನೋಯಿಸಿದುದು ಒಂದು ಜನಾಂಗವನ್ನು. ಆದುದರಿಂದ ರೋಗವು ಯಾವುದು ಎಂಬಷ್ಟೇ ಮುಖ್ಯವಾಗಿ, ಅದು ಯಾವಾಗಿನದು, ಎಲ್ಲಿಂದ ಬಂದುದು ಎಂಬುದನ್ನೂ ತಿಳಿಯುವುದು ಅವಶ್ಯವಾಯಿತು.

ಮೊದಲನೆಯ ಪ್ರಶ್ನೆಗೆ ಅಟ್ಲಾಂಟಾ ಪಟ್ಟಣದಲ್ಲಿರುವ ಸರಕಾರದ ರೋಗನಿಯಂತ್ರಣ ಕೇಂದ್ರದವರು ಕೆಲವೇ ವಾರಗಳಲ್ಲಿ ಉತ್ತರ ಕೊಟ್ಟರು. ರೋಗಿಗಳ ರಕ್ತವು ಹಂಟಾ ಎಂಬ ವರ್ಗದ ವೈರಾಣುಗಳ ಪರೀಕ್ಷೆಯಲ್ಲಿ ಗುರುತು ತೋರಿತು. ಈ ವರ್ಗದ ಹೆಸರು ಕೊರಿಯ ದೇಶದ ಹಂಟಾನ್ ನದಿಯಿಂದ ಬಂದುದು. 1950ರ ದಶಕದ ಆರಂಭದಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸೈನಿಕರು ರಕ್ತಸ್ರಾವದ ಜ್ವರವೊಂದಕ್ಕೆ ಗುರಿಯಾಗಿದ್ದರು. ಅದಕ್ಕೆ ಕಾರಣವಾದ ವೈರಾಣುವನ್ನು ಹೋ ವಾಂಗ್ ಲೀ ಎಂಬ ಕೊರಿಯದ ವಿದ್ವಾಂಸರು 1970ರ ದಶಕದಲ್ಲಿ ಹೊಲದ ಇಲಿಯೊಂದರಲ್ಲಿ ಪತ್ತೆಮಾಡಿದರು. ಆ ರೋಗವು ಹಾಳುಮಾಡುವುದು ಮೂತ್ರಪಿಂಡವನ್ನು. ಅಮೇರಿಕದ ಈ ರೋಗವು ಹಿಡಿದುದು ಶ್ವಾಸಕೋಶವನ್ನು. ಹಾಗಿದ್ದರೂ ಸೋದರ ವೈರಾಣುವೆಂಬುದು ಖಚಿತವಾದುದರಿಂದ ಇದರ ಆಶ್ರಯವೂ ಇಲಿಯೇ ಇರಬೇಕೆಂದು ತೋರಿತು.

ಯಾವ ಇಲಿ? ಇಲ್ಲಿಂದ ಮುಂದಿನ ಕೆಲಸವು ವೈದ್ಯರೊಬ್ಬರಿಂದಲೇ ಆಗತಕ್ಕದ್ದಲ್ಲ. ಜೂನ್ ತಿಂಗಳಿಂದ ಆಗಸ್ಟಿನವರೆಗೆ ಮನೆಗಳ ಒಳಗೂ ಹೊರಗೂ ಬೋನುಗಳನ್ನಿಟ್ಟು ಸುಮಾರು 1,700 ದಂಶಕ ಪ್ರಾಣಿಗಳನ್ನು ಹಿಡಿದರು. ಆ ಸೀಮೆಯಲ್ಲಿ ಒಂದೇ ಪಂಗಡದ ಹಲವು ಜಾತಿಯ ಇಲಿಗಳಿರುವುವು. ಕಂದು ಬೆನ್ನು, ಬಿಳಿ ಹೊಟ್ಟೆ, ಅಗಲ ಕಿವಿ. ತಿಳಿಯದವರಿಗೆ ಎಲ್ಲವೂ ಒಂದೇ. ತಲೆಬುರುಡೆಯ ಅಳತೆ, ಹಲ್ಲಿನ ರೀತಿ, ಬಾಲದ ಉದ್ದಗಳನ್ನು ಕಂಡು ಇದು ಇಂಥದೇ ಎಂದು ಹೇಳಬಲ್ಲವರು ಸಂಗ್ರಹಾಲಯದಲ್ಲಿ ಜೀವಮಾನ ಸವೆಸಿದ ಪ್ರಾಣಿಶಾಸ್ತ್ರಜ್ಞರೇ. ಜಿಂಕೆಯಿಲಿಯೆಂದು ಅಲ್ಲಿಯವರು ಕರೆಯುವ ಜಾತಿಯಲ್ಲಿ ನೂರಕ್ಕೆ ಸುಮಾರು ಮೂವತ್ತು ಇಲಿಗಳು ಸೋಂಕಿನ ಗುರುತನ್ನು ಹೊಂದಿದ್ದವು. ವೈರಾಣುವು ಈ ಇಲಿಗೆ ಮಾರಕವಲ್ಲ. ಅದರ ಮೂತ್ರ, ಹಿಕ್ಕೆ, ಜೊಲ್ಲುಗಳು ಒಣಗಿ ಧೂಳಾಗಿ, ಆ ಧೂಳನ್ನು ಉಸಿರಿನೊಡನೆ ಸೆಳೆದುಕೊಂಡ ಮನುಷ್ಯನಿಗೆ ಅದು ಮಾರಕವು. ಬಹುಕಾಲ ಮುಚ್ಚಿದ್ದ ಕೊಠಡಿಯನ್ನು ಗುಡಿಸುವಷ್ಟರಲ್ಲಿಯೇ ರೋಗವು ತಗಲಬಹುದು. ಆದರೆ ಈ ವೈರಾಣುವು ಮನುಷ್ಯನಿಂದ ಮನುಷ್ಯನಿಗೆ ಹರಡಿದುದು ಕಂಡುಬಂದಿಲ್ಲ. ಆ ಬಾಲಕರನ್ನು ದೂರವಿಟ್ಟುದಕ್ಕೆ ಆಧಾರವೇ ಇರಲಿಲ್ಲವಾಯಿತು.

ಉಳಿದುದು ಎರಡನೆಯ ಪ್ರಶ್ನೆ: ಈ ವೈರಾಣು ಹೊಸದೋ ಹಳೆಯದೋ? ಹಿಡಿದ ಇಲಿಗಳು 1993ರ ಇಲಿಗಳು. 1992ರಲ್ಲಿ, ಅದಕ್ಕೂ ಹಿಂದೆ, ಇಲಿಗಳ ಮೈಯಲ್ಲಿ ಏನಿತ್ತೆಂಬುದನ್ನು ಅವು ಹೇಳಲಾರವು. ಕಳೆದ ಕಾಲಕ್ಕೆ ಹಿಂದಿರುಗಿ ಹೋಗಿ ಬೋನನ್ನಿಡಲು ಯಾರಿಗೂ ಸಾಧ್ಯವಿಲ್ಲವಷ್ಟೆ. ಆದರೆ ಟೆರಿ ಯೇಟ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಆ ಬೋನನ್ನು ಮೊದಲೇ ಇಟ್ಟಿದ್ದರು. ಅವರು ಆಲ್ಬುಕರ್ಕಿಯ ಸಂಗ್ರಹಾಲಯದಲ್ಲಿ ಸಸ್ತನಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು, 2007ರಲ್ಲಿ ಕಾಲವಶರಾದರು. ಹಳೆಯ ಪದ್ಧತಿಯಂತೆ ತೊಗಲನ್ನು ಸುಲಿದು ಅರಳೆ ತುಂಬಿ, ತಲೆಬುರುಡೆಯನ್ನು ತೊಳೆದು ಇಡುವುದರೊಡನೆಯೇ ಅವರೂ ಅವರ ಶಿಷ್ಯರೂ ಪ್ರತಿಯೊಂದು ಪ್ರಾಣಿಯ ಯಕೃತ್ತು, ಹೃದಯ, ಮೂತ್ರಪಿಂಡ, ಶ್ವಾಸಕೋಶಗಳ ಚೂರುಗಳನ್ನು ಸಣ್ಣ ನಳಿಕೆಗಳಲ್ಲಿ ಹಾಕಿ ಅತಿಶೈತ್ಯದಲ್ಲಿ ಕಾದಿಡುತ್ತಿದ್ದರು. ಇಲಿಗಳ ಬಂಧುತ್ವವನ್ನು ಅರಿಯುವುದು ಅವರ ಉದ್ದೇಶವಾಗಿತ್ತು. ಹಂಟಾ ವೈರಾಣು ಆಗ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಇಲ್ಲಿ ಚೀಟಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳತಕ್ಕದ್ದಿದೆ. ಸಂಗ್ರಹಾಲಯದ ಪ್ರತಿಯೊಂದು ಇಲಿಯ ಕಾಲಿಗೂ ಒಂದು ಚೀಟಿಯನ್ನು ಕಟ್ಟಿರುವರು. ಹಿಡಿದ ಸ್ಥಳ, ದಿನ, ಹಿಡಿದವರ ಹೆಸರು, ಗಂಡೋ ಹೆಣ್ಣೋ, ತೂಕ, ಗರ್ಭವಿತ್ತೇ ಇಲ್ಲವೇ, ಇವೆಲ್ಲವೂ ಅದರಲ್ಲಿ ಬರೆದಿರುವುದು. ಅದೇ ಅಂಕೆಯನ್ನು ಶೈತ್ಯದಲ್ಲಿರುವ ನಳಿಕೆಯ ಮೇಲೂ ದಾಖಲೆಯ ಪುಸ್ತಕದಲ್ಲಿಯೂ ನಮೂದಿಸುವರು. ಚೀಟಿಯಿಲ್ಲದ ಇಲಿಯು ಬರಿಯ ತೊಗಲು; ಚೀಟಿಯಿರುವ ಇಲಿಯು ಸಾಕ್ಷಿ. ಮಠಗಳ ಓಲೆಯ ಕಟ್ಟುಗಳನ್ನು ನೋಡಿಕೊಂಡವರಿಗೆ ಇದು ಬೇಗನೆ ಮನವರಿಕೆಯಾಗುವುದು. ಬರೆದವನ ಹೆಸರೂ ಸಂವತ್ಸರವೂ ಇರುವ ಕೊನೆಯ ಗರಿ ಕಳೆದುಹೋದರೆ ಗ್ರಂಥವು ಕೈಯಲ್ಲಿದ್ದರೂ ಅದರ ಕಾಲವು ಕೈಗೆ ಸಿಕ್ಕದು. ಚೀಟಿ ಬರೆಯುವುದು ಬೇಸರದ ಕೆಲಸವು. ಅದಕ್ಕೆ ಬಿರುದೂ ಇಲ್ಲ, ಬಹುಮಾನವೂ ಇಲ್ಲ. ಆದರೂ 1993ರಲ್ಲಿ ಪ್ರಯೋಜನಕ್ಕೆ ಬಂದುದು ಅದೇ.

ಹಗೇವಿನ ಬಾಯನ್ನು ಬರಗಾಲದಲ್ಲಿ ತೆರೆಯುವಂತೆ ಶಾಸ್ತ್ರಜ್ಞರು ಆ ಭಂಡಾರವನ್ನು ತೆರೆದರು. 1993ಕ್ಕೆ ಹಿಂದಿನ ವರ್ಷಗಳಲ್ಲಿ ಹಿಡಿದ ಇಲಿಗಳ ಚೂರುಗಳನ್ನು ಪರೀಕ್ಷಿಸಿದಾಗ ಅದೇ ವೈರಾಣುವಿನ ಗುರುತು ಅವುಗಳಲ್ಲಿಯೂ ಕಂಡಿತು. ಪಿಡುಗು ಹೊರಗಿನಿಂದ ಬಂದುದಲ್ಲ. ಯಾವ ಸೇನೆಯೂ ತಯಾರಿಸಿದುದಲ್ಲ. ನವಾಹೊ ಜನರ ಆಚಾರದಿಂದ ಹುಟ್ಟಿದುದೂ ಅಲ್ಲ. ಬಹುಕಾಲದಿಂದಲೂ ಆ ನೆಲದ ಇಲಿಯಲ್ಲಿ ಅದು ಅಡಗಿತ್ತು. ವೈದ್ಯರೂ ತಮ್ಮ ಹಳೆಯ ಉಗ್ರಾಣಗಳನ್ನು ಹುಡುಕಿದರು. ಕಾರಣ ತಿಳಿಯದೆ ಸತ್ತವರ ಶ್ವಾಸಕೋಶದ ಚೂರುಗಳನ್ನು ಹಿಂದಿನವರು ಕಾದಿರಿಸಿದ್ದರಿಂದ, 1959ರಲ್ಲಿ ಯೂಟಾದಲ್ಲಿ ಮಡಿದ ಮನುಷ್ಯನೊಬ್ಬನಿಗೆ ಬಂದಿದ್ದುದು ಇದೇ ರೋಗವೆಂದು ತಿಳಿದುಬಂದಿತು. ಆಸ್ಪತ್ರೆಯ ಭಂಡಾರವೂ ಪ್ರಾಣಿಗಳ ಭಂಡಾರವೂ ಒಂದೇ ಸಾಕ್ಷ್ಯವನ್ನು ನುಡಿದವು.

ಹಾಗಾದರೆ 1993ರಲ್ಲಿಯೇ ಅಷ್ಟೊಂದು ಜನ ಏಕೆ ಸತ್ತರು? ಇದಕ್ಕೂ ಉತ್ತರವು ವಿಶ್ವವಿದ್ಯಾನಿಲಯದಲ್ಲಿಯೇ ಇತ್ತು. ಆಲ್ಬುಕರ್ಕಿಯ ದಕ್ಷಿಣಕ್ಕಿರುವ ಸೆವಿಯೆಟಾ ಎಂಬ ರಕ್ಷಿತ ಪ್ರದೇಶದಲ್ಲಿ ರಾಬರ್ಟ್ ಪಾರ್ಮೆಂಟರ್ ಮೊದಲಾದವರು 1980ರ ದಶಕದ ಕೊನೆಯಿಂದಲೂ ಮಳೆ, ಹುಲ್ಲು, ಬೀಜ, ಇಲಿಗಳ ಲೆಕ್ಕವನ್ನು ಬಿಡದೆ ಬರೆದಿಡುತ್ತಿದ್ದರು. ಪೆಸಿಫಿಕ್ ಸಾಗರದ ನೀರು ಕಾಯುವ ಎಲ್ ನಿನೋ ಎಂಬ ವಿದ್ಯಮಾನವು 1991-92ರಲ್ಲಿ ಆ ಒಣನಾಡಿಗೆ ಅಪರೂಪದ ಮಳೆಯನ್ನೂ ಹಿಮವನ್ನೂ ತಂದಿತು. ಗಿಡಗಳು ಚಿಗುರಿದವು, ಪಿನ್ಯೋನ್ ಎಂಬ ಕುಳ್ಳ ಪೈನ್ ಮರಗಳ ಬೀಜವು ಹೇರಳವಾಯಿತು, ಹುಳುಹುಪ್ಪಟೆ ಹೆಚ್ಚಿದವು. ಉಣಿಸು ಹೆಚ್ಚಿದುದರಿಂದ ಇಲಿಯ ಸಂತತಿಯೂ ಹೆಚ್ಚಿತು. 1992ರ ಮೇ ತಿಂಗಳಿಗಿಂತ 1993ರ ಮೇ ತಿಂಗಳಿನಲ್ಲಿ ಇಲಿಗಳು ಹತ್ತುಪಟ್ಟು ಇದ್ದವೆಂದು ಲೆಕ್ಕವು ತೋರಿತು. ಇಲಿ ಹೆಚ್ಚಿ ಮನೆಯನ್ನು ಹೊಕ್ಕಿತು. ಅದರೊಡನೆ ವೈರಾಣುವೂ ಹೊಕ್ಕಿತು.

ನವಾಹೊ ಹಿರಿಯರು ಇದನ್ನು ತಮ್ಮ ಮಾತಿನಲ್ಲಿ ಮೊದಲೇ ಹೇಳಿದ್ದರು. ಪಿನ್ಯೋನ್ ಬೀಜವು ವಿಪರೀತವಾದ ವರ್ಷದಲ್ಲಿ ಇಂಥ ಮರಣವುಂಟೆಂದೂ, 1918ರಲ್ಲಿಯೂ 1933ರ ಸುಮಾರಿನಲ್ಲಿಯೂ ಹೀಗಾಯಿತೆಂದೂ ಅವರು ನೆನೆದರು. ಇಲಿಯು ರಾತ್ರಿಯ ಲೋಕಕ್ಕೂ ಹೊರಗಿನ ಲೋಕಕ್ಕೂ ಸೇರಿದ ಜೀವಿ. ಅದನ್ನು ಮನೆಯೊಳಗೆ ಬಿಡಬಾರದು, ಅದು ಮುಟ್ಟಿದ ಬಟ್ಟೆಯನ್ನು ಸುಡಬೇಕು ಎಂಬುದು ಅವರ ಹಳೆಯ ಕಟ್ಟಳೆ. ರೋಗವನ್ನು ಯಾರ ತಲೆಗೆ ಕಟ್ಟಿದ್ದರೋ ಅವರಲ್ಲಿಯೇ ಅದರ ನಿವಾರಣೆಯ ತಿಳಿವಳಿಕೆಯು ಇದ್ದುದು ವಿಚಾರಾರ್ಹವಾದುದು. ಕೊನೆಗೆ ವೈರಾಣುವಿಗೆ ಹೆಸರಿಡುವಾಗಲೂ ಜಗಳವಾಯಿತು. ಸೀಮೆಯ ಹೆಸರನ್ನಿಟ್ಟರೆ ಸೀಮೆಗೆ ಕಳಂಕ, ಕಣಿವೆಯ ಹೆಸರನ್ನಿಟ್ಟರೆ ಅಲ್ಲಿಯವರಿಗೆ ನೋವು. ಕಡೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ಸಿನ್ ನೋಂಬ್ರೆ, ಎಂದರೆ ಹೆಸರಿಲ್ಲದುದು, ಎಂದೇ ಕರೆದರು. ಮತ್ತೆ 1997-98ರಲ್ಲಿ ಎಲ್ ನಿನೋ ಬಂದಾಗ ಶಾಸ್ತ್ರಜ್ಞರು ಮುಂಚಿತವಾಗಿಯೇ ಎಚ್ಚರಿಕೆ ಕೊಟ್ಟರು. ಅವರೆಂದಂತೆಯೇ ಇಲಿಗಳೂ ರೋಗಿಗಳೂ ಹೆಚ್ಚಿದರು. ಈ ರೋಗಕ್ಕೆ ಇಂದಿಗೂ ನಿಶ್ಚಿತವಾದ ಔಷಧಿಯಿಲ್ಲ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಪ್ರಾಣವಾಯುವನ್ನು ಕೂಡಿಸುವ ಚಿಕಿತ್ಸೆಯಿಂದ ಆಲ್ಬುಕರ್ಕಿಯ ಆಸ್ಪತ್ರೆಯವರು ಆಸೆ ಬಿಟ್ಟ ಎಷ್ಟೋ ಮಂದಿಯನ್ನು ಉಳಿಸಿರುತ್ತಾರೆ.

ದಯೆಯನ್ನು ನಂಬಿದ ಈ ಸಭೆಯಲ್ಲಿ ಒಂದು ಆಕ್ಷೇಪವು ಏಳದೆ ಇರದು. ಸಂಗ್ರಹಕ್ಕಾಗಿ ಪ್ರಾಣಿಯನ್ನು ಕೊಲ್ಲುವುದು ಸರಿಯೇ? ಆಕ್ಷೇಪವು ಹಗುರವಾದುದಲ್ಲ, ಬರಿಯ ಕುತೂಹಲಕ್ಕೆ, ಎಣಿಕೆ ಹೆಚ್ಚಿಸುವ ಚಪಲಕ್ಕೆ ಕೊಂದುದಕ್ಕೆ ಸಮಾಧಾನವಿಲ್ಲ. ಆದರೆ ಒಂದು ಮಾತನ್ನು ಗಮನಿಸತಕ್ಕದ್ದು. ಕೊಂದ ಪ್ರಾಣಿಯ ರಕ್ತವನ್ನು ಪರೀಕ್ಷಿಸಿ ಉಳಿದುದನ್ನು ಎಸೆದುಬಿಟ್ಟರೆ ಮುಂದಿನ ಪ್ರಶ್ನೆಗೆ ಮತ್ತೊಂದು ಪ್ರಾಣಿಯನ್ನು ಕೊಲ್ಲಬೇಕಾಗುವುದು. ಚೀಟಿ ಬರೆದು ಕಾದಿಟ್ಟರೆ ಒಂದೇ ಇಲಿಯು ತಲೆಮಾರುಗಳವರೆಗೆ ಹಲವರ ಪ್ರಶ್ನೆಗೆ ಉತ್ತರವಾಗುವುದು. ಕೊಂದು ಎಸೆಯುವುದಕ್ಕಿಂತ ಕೊಂದು ಕಾಯುವುದು ದಯೆಗೆ ಹತ್ತಿರವೆಂಬಷ್ಟು ಒಪ್ಪಬಹುದು.

ಇಷ್ಟಾದರೂ ಇಂಥ ಭಂಡಾರಗಳ ಬಾಳು ಸುಭದ್ರವಾಗಿಲ್ಲ. ಇದೇ ಆಲ್ಬುಕರ್ಕಿಯ ಜೋಸೆಫ್ ಕುಕ್ ಮೊದಲಾದವರು 2020ರಲ್ಲಿ, ಕೋವಿಡ್ ಪಿಡುಗಿನ ನಡುವೆ, ವೈರಾಣುವನ್ನು ಹುಡುಕುವವರು ಅದರ ಆಶ್ರಯವಾದ ಪ್ರಾಣಿಯನ್ನೂ ಸಂಗ್ರಹಾಲಯದಲ್ಲಿ ಇಡಬೇಕೆಂದು ಬರೆದರು. ಆಮೇಲೆ ನಾಲ್ಕು ವರ್ಷಕ್ಕೆ, 2024ರಲ್ಲಿ, ಅದೇ ದೇಶದ ಡ್ಯೂಕ್ ವಿಶ್ವವಿದ್ಯಾನಿಲಯದವರು ಸುಮಾರು 8,25,000 ಒಣಸಸ್ಯಗಳುಳ್ಳ ತಮ್ಮ ಭಂಡಾರವನ್ನು ಮುಚ್ಚುವೆವೆಂದು ಸಾರಿದರು. ವೆಚ್ಚದ ಲೆಕ್ಕವು ಪ್ರತಿವರ್ಷವೂ ಕಣ್ಣಿಗೆ ಬೀಳುವುದು. ಲಾಭವು ಮೂವತ್ತು ವರ್ಷಕ್ಕೊಮ್ಮೆ ಬಂದರೂ ಬಂದೀತು. ಲೆಕ್ಕ ಬರೆಯುವವರು ಯಾವುದನ್ನು ನೋಡುವರೆಂಬುದು ಊಹಿಸತಕ್ಕ ವಿಷಯವೇ.

ಕನ್ನಡ ನಾಡಿಗೂ ಈ ಶಾಸ್ತ್ರದ ನಂಟು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹಿಡಿದಾಗ, ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಮಂಗ, ಇಲಿ, ಹಕ್ಕಿ, ಉಣ್ಣೆಗಳನ್ನೆಲ್ಲ ಪರೀಕ್ಷಿಸಿ ಉಣ್ಣೆಯೇ ರೋಗವಾಹಕವೆಂದು ಕಂಡರು. ಆ ವೈರಾಣುವಿಗೆ ರಷ್ಯಾ ದೇಶದ ವೈರಾಣುವಿನ ಹೋಲಿಕೆಯಿದ್ದುದರಿಂದ ವಲಸೆಯ ಹಕ್ಕಿಗಳು ತಂದವೇನೋ ಎಂಬ ಸಂಶಯವು ಹುಟ್ಟಿತು. ಸಾಲಿಂ ಅಲಿಯವರೂ ಮುಂಬಯಿಯ ನಿಸರ್ಗ ಇತಿಹಾಸ ಸಂಘದವರೂ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ದಾರಿಯನ್ನು ಶೋಧಿಸಲಾರಂಭಿಸಿದರು. ಜ್ವರದ ವಿಚಾರವು ಹಕ್ಕಿಯ ಶಾಸ್ತ್ರವನ್ನು ಬೆಳೆಸಿತು.

ಇನ್ನೊಂದು ಸಂಗತಿಯು ಇನ್ನೂ ಹೆಚ್ಚಿನದು. 1964ರಲ್ಲಿ ವೇಲೂರಿನ ತೊಟ್ಟಪಾಳ್ಯದಲ್ಲಿ ಹಿಡಿದ ಒಂದು ಸುಂಡಿಲಿಯಲ್ಲಿ ವೈರಾಣುವೊಂದು ದೊರೆಯಿತು. ಕೀಟಗಳಿಂದ ಹರಡುವ ಜಾತಿಯಿರಬಹುದೆಂದು ಆಗ ಬಗೆದರು. ಯಾವ ಪ್ರಯೋಜನವೂ ತೋರದಿದ್ದರೂ ಅದನ್ನು ಎಸೆಯದೆ ಕಾದಿರಿಸಿದರು. 1980ರ ದಶಕದ ಕೊನೆಯಲ್ಲಿ ಅದನ್ನು ತೆಗೆದು ನೋಡಿದಾಗ ಅದು ಹಂಟಾ ವರ್ಗದ್ದೆಂದು ತಿಳಿಯಿತು. ಕೊರಿಯದ ವೈರಾಣುವಿಗಿಂತ ಮೊದಲೇ ಇದು ಮನುಷ್ಯನ ಕೈಗೆ ಬಂದಿತ್ತು. ಸುಂಡಿಲಿಯು ಹೆಸರಿಗೆ ಮಾತ್ರ ಇಲಿ. ಅದರ ಕುಲವೇ ಬೇರೆ. ಇಲಿಯಲ್ಲದ ಪ್ರಾಣಿಯಲ್ಲಿಯೂ ಈ ವೈರಾಣು ಇರಬಲ್ಲದೆಂಬ ಸುಳಿವನ್ನು ಹಿಡಿದು ಹವಾಯಿ ವಿಶ್ವವಿದ್ಯಾನಿಲಯದ ವೈದ್ಯಶಾಲೆಯ ರಿಚರ್ಡ್ ಯಾನಗಿಹಾರಾ ಮತ್ತು ಅವರ ಸಂಗಡಿಗರು ಸಂಗ್ರಹಾಲಯಗಳ ಶೈತ್ಯಪೆಟ್ಟಿಗೆಗಳಲ್ಲಿದ್ದ ಹಳೆಯ ಚೂರುಗಳನ್ನು ಬೇಡಿ ತರಿಸಿಕೊಂಡರು. ಆಲ್ಬುಕರ್ಕಿಯ ಭಂಡಾರವೂ ಅವರಿಗೆ ನೆರವಾಯಿತು. 2007ರಿಂದೀಚೆಗೆ ಹಲವು ಖಂಡಗಳ ಸುಂಡಿಲಿಗಳಲ್ಲಿಯೂ ಮಣ್ಣು ತೋಡಿ ಬಾಳುವ ಮೋಲ್ ಎಂಬ ಪ್ರಾಣಿಗಳಲ್ಲಿಯೂ ಬಾವಲಿಗಳಲ್ಲಿಯೂ ಹೊಸ ಹೊಸ ಹಂಟಾ ವೈರಾಣುಗಳು ಬೆಳಕಿಗೆ ಬಂದವು. ಅವುಗಳಲ್ಲಿ ಎಷ್ಟೋ ಕಂಡುದು ಹೊಸದಾಗಿ ಹಿಡಿದ ಪ್ರಾಣಿಯಲ್ಲಲ್ಲ. ಬೇರೆ ಯಾರೋ, ಬೇರೆ ಯಾವುದೋ ಕಾರಣಕ್ಕಾಗಿ, ಚೀಟಿ ಬರೆದು ಕಾದಿರಿಸಿದ್ದ ಚೂರಿನಲ್ಲಿ.