ಇಂಜಿನು ಕೂಗುತ್ತದೆ, ದೋಣಿ ಹೋಗುವುದಿಲ್ಲ

(ಅಡೂರಿನಲ್ಲಿ ತೋಟ ಕಾರ್ಮಿಕರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ದೋಣಿಯ ಇಂಜಿನಿನ ವಿಷಯ ಮಾತಾಡುತ್ತೇವೆಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಅಡೂರಿನಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳಿದಿರಿ. ಸರಿಯೇ. ಆದರೆ ಇಲ್ಲಿ ಹರಿಯುವ ಪಯಸ್ವಿನಿಯ ನೀರು ಮುಂದೆ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಹೊಳೆಯ ಹಾಗೆಯೇ ನಮ್ಮ ಕೆಲವು ಹುಡುಗರೂ ಇಳಿದು ಹೋಗುತ್ತಾರೆ. ಗೇರುಬೀಜದ ಕೆಲಸ ಬೇಸಿಗೆಗೆ ಮುಗಿಯಿತು, ಜಡಿಮಳೆಗೆ ರಬ್ಬರ್ ಟ್ಯಾಪಿಂಗ್ ನಿಂತಿತು ಎಂದರೆ ಅಕ್ಕಿಗೆ ದುಡ್ಡು ಬೇಕಲ್ಲ. ಕೇರಳದಲ್ಲಿ 1988ರಿಂದ ಮಳೆಗಾಲದ ಕೆಲವು ವಾರ ಟ್ರಾಲ್ ಬೋಟುಗಳಿಗೆ ನಿಷೇಧವಿದೆ. ಹಿಂದೆ ಇಂಜಿನು ಕಟ್ಟಿದ ನಾಡದೋಣಿಗಳಿಗೆ ಅದಿಲ್ಲ. ಹೀಗೆ ಕಡಲು ಅತಿ ಕೆಟ್ಟಿರುವ ದಿನಗಳಲ್ಲಿಯೇ, ಈಜೂ ಸರಿಯಾಗಿ ಬಾರದ ತೋಟದ ಹುಡುಗರು ದೋಣಿ ಹತ್ತುವುದುಂಟು.

ನಾವೂ ಹಾಗೆ ಹೋದವರೇ. ಒಂದು ಆಷಾಢದ ಬೆಳಿಗ್ಗೆ ಅಳಿವೆ ದಾಟುತ್ತಿದ್ದೆವು. ಎದುರಿನ ತೆರೆ ಏರಿ ಇಳಿಯುವಷ್ಟರಲ್ಲಿ ಇಂಜಿನು ಒಮ್ಮೆಗೇ ಕಿರುಚಿತು. ಸುತ್ತು ಏರಿತು, ದೋಣಿ ಮಾತ್ರ ನಿಂತಿತು. ಮೂತಿ ತಿರುಗಿ ಮುಂದಿನ ತೆರೆಗೆ ಪಕ್ಕೆ ಕೊಟ್ಟೆವು. ಅರ್ಧ ದೋಣಿ ನೀರು ತುಂಬಿತು, ಬಲೆ ಹೋಯಿತು. ಇಂಜಿನು ಹಿಡಿದಿದ್ದ ಹಿರಿಯರು ಗಾಬರಿಯಾಗದೆ ಥ್ರಾಟಲನ್ನು ಪೂರ್ತಿ ಇಳಿಸಿ, ಒಂದು ಕ್ಷಣ ಬಿಟ್ಟು, ಮೆಲ್ಲಗೆ ಮತ್ತೆ ಏರಿಸಿದರು. ಅದರಿಂದ ನಾವು ಬದುಕಿದೆವು. ದಡಕ್ಕೆ ಬಂದಾಗ ದೋಣಿಯ ಯಜಮಾನರು ಹೇಳಿದ್ದು: ತೋಟದ ಹುಡುಗರು ಇಂಜಿನು ಹಾಳುಮಾಡಿದರು, ಕೂಲಿಯಿಂದ ಮುರಿಯಿರಿ! ನಮಗೆ ಉತ್ತರ ತಿಳಿಯದು, ಆದ್ದರಿಂದ ಬಾಯಿಯೂ ಇಲ್ಲ.

ಉತ್ತರ ನಮ್ಮ ತೋಟಗಳಲ್ಲಿಯೇ ಇತ್ತು. ಏಪ್ರಿಲಿನಲ್ಲಿ ಹೊಳೆ ಬತ್ತಿ, ಗುಂಡಿಯ ನೀರು ಫುಟ್‌ವಾಲ್ವಿನ ಹತ್ತಿರಕ್ಕೆ ಇಳಿದಾಗ ಏನಾಗುತ್ತದೆ? ಮೇಲೆ ಸಣ್ಣ ಸುಳಿ ಏಳುತ್ತದೆ. ಸುಳಿಯ ನಡುವಿನಿಂದ ಗಾಳಿ ಪೈಪಿಗೆ ಇಳಿಯುತ್ತದೆ. ಪಂಪಿನ ಸದ್ದು ಹಗುರಾಗುತ್ತದೆ, ಅಡಿಕೆ ಬುಡದಲ್ಲಿ ನೀರು ಕೆಮ್ಮಿ ನಿಲ್ಲುತ್ತದೆ. ಪಂಪು ಕೆಟ್ಟಿಲ್ಲ, ನೀರು ಹಿಡಿಯಬೇಕಾದ ಕಡೆ ಗಾಳಿ ಹಿಡಿದಿದೆ. ದೋಣಿಯ ಪ್ರೊಪೆಲ್ಲರಿಗೂ, ನಮ್ಮವರ ಮಾತಿನಲ್ಲಿ ಫ್ಯಾನಿಗೂ, ಇದೇ ರೋಗ. ಮೇಲಿನ ಗಾಳಿಯೋ ಇಂಜಿನಿನ ಹೊಗೆಯೋ ಎಲೆಗಳ ನಡುವೆ ನುಗ್ಗಿದರೆ ಫ್ಯಾನಿಗೆ ತಳ್ಳಲು ನೀರಿಲ್ಲ. ಭಾರ ತಪ್ಪಿದ ಇಂಜಿನು ಕಿರುಚುತ್ತದೆ. ಇದಕ್ಕೆ ವೆಂಟಿಲೇಶನ್ ಎಂದು ಹೆಸರು.

ಬಹಳ ಮಂದಿ ಇದನ್ನೇ ಕ್ಯಾವಿಟೇಶನ್ ಎನ್ನುತ್ತಾರೆ. ಅದು ಬೇರೆ. ಫ್ಯಾನು ಅತಿ ರಭಸದಿಂದ ತಿರುಗಿ ಎಲೆಯ ಬೆನ್ನಲ್ಲಿ ಒತ್ತಡ ತೀರಾ ಕುಗ್ಗಿದಾಗ ತಣ್ಣೀರೇ ಕುದಿದು ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆ ಒಡೆಯುವ ಪೆಟ್ಟಿಗೆ ಲೋಹದಲ್ಲಿ ಹುಳು ತಿಂದಂತೆ ಕುಳಿ ಬೀಳುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಟರ್ಬೀನಿಯಾ ಎಂಬ ಹಡಗನ್ನು ನೀರಿಗಿಳಿಸಿದಾಗ ಇದೇ ಕಾರಣದಿಂದ ಅದು ನಿರೀಕ್ಷಿಸಿದ ವೇಗಕ್ಕೆ ಏರಲಿಲ್ಲ. ಅವರು ನೀರಿನ ತೊಟ್ಟಿ ಕಟ್ಟಿ, ಫ್ಯಾನು ತಿರುಗಿಸಿ ನೋಡಿ, ಕೊನೆಗೆ ಮೂರು ದಂಡಗಳಿಗೆ ಒಂಬತ್ತು ಫ್ಯಾನು ಹಾಕಿದರು. ಅಂಥವರೇ ತಡವರಿಸಿದ ವಿಷಯಕ್ಕೆ ನಮ್ಮ ಹುಡುಗರ ಕೂಲಿ ಮುರಿಯುವುದು!

ಇನ್ನು ಪರೀಕ್ಷೆ. ಮೊದಲು ಯಾವಾಗ ಕಿರುಚುತ್ತದೆಂದು ನೆನಪಿಡಿ. ತಿರುಗಿಸುವಾಗ, ತೆರೆಯಲ್ಲಿ, ಅಥವಾ ಜನ ಮುಂದಕ್ಕೆ ಸರಿದು ಹಿಂಭಾಗ ಎದ್ದಾಗ ಬಂದು, ಮತ್ತೆ ತಾನಾಗಿ ಹೋಗುವುದಾದರೆ ಹೆಚ್ಚಾಗಿ ಗಾಳಿಯೇ. ಸಮನೀರಿನಲ್ಲಿ ನೇರ ಹೋಗುವಾಗಲೂ, ಥ್ರಾಟಲ್ ಏರಿಸಿದಾಗಲೆಲ್ಲ ಜಾರುತ್ತದೆ, ನಿಧಾನಕ್ಕೆ ಮಾತ್ರ ಸರಿಯಾಗಿ ಹೋಗುತ್ತದೆ ಎಂದರೆ ಫ್ಯಾನಿನೊಳಗಿನ ರಬ್ಬರ್ ಬುಶ್ ಬಿಟ್ಟಿರಬಹುದು. ಒಳಗಿನ ತೋಳಿನಿಂದ ಹೊರಗಿನ ಗುಂಬದವರೆಗೆ ಬಣ್ಣದಲ್ಲಿ ಒಂದೇ ಗೆರೆ ಎಳೆಯಿರಿ. ಓಡಿಸಿ ಬಂದು ನೋಡುವಾಗ ಗೆರೆ ಎರಡಾಗಿದ್ದರೆ ಬುಶ್ ಜಾರಿದೆ. ಎರಡು ರೂಪಾಯಿಯ ಬಣ್ಣ ಸಾಕು, ಮೆಕ್ಯಾನಿಕ್ ಬೇಕಿಲ್ಲ.

ಗೆರೆ ಒಂದೇ ಇದ್ದರೆ ಇಂಜಿನಿನ ಎತ್ತರ ನೋಡಿ. ಫ್ಯಾನಿನ ಮೇಲೆ ಅಡ್ಡಕ್ಕೆ ಒಂದು ತಟ್ಟೆ ಇರುತ್ತದೆ. ಮೇಲಿನ ಗಾಳಿಯನ್ನು ತಡೆಯುವುದು ಅದರ ಕೆಲಸ. ಅದು ಸಾಮಾನ್ಯವಾಗಿ ದೋಣಿಯ ತಳಕ್ಕೆ ಸಮನಾಗಿ, ಅಥವಾ ಒಂದಂಗುಲ ಆಚೀಚೆ ಇರಬೇಕು. ಬಹಳ ಮೇಲಿದ್ದರೆ ಗಾಳಿ ಇಳಿಯುತ್ತದೆ. ಇಂಜಿನನ್ನು ಹಿಂದಕ್ಕೆ ಅತಿಯಾಗಿ ಓರೆ ಮಾಡಿದ್ದರೂ ಹೀಗೇ. ಆಮೇಲೆ ಫ್ಯಾನು: ಎಲೆ ಬಾಗಿದೆಯೇ, ತುಂಡಾಗಿದೆಯೇ, ಪ್ಲಾಸ್ಟಿಕ್ಕೋ ಬಲೆಯ ನೂಲೋ ಸುತ್ತಿದೆಯೇ? ಹೊಗೆ ಗುಂಬದೊಳಗಿಂದ ಹೋಗುವ ಇಂಜಿನಾದರೆ ಹಿಂದಿನ ಅಂಚು ಒಡೆದಿದೆಯೇ ಎಂದೂ ನೋಡಿ. ಒಡೆದರೆ ಹೊಗೆ ತಿರುಗಿ ಎಲೆಗೇ ಬರುತ್ತದೆ. ಫ್ಯಾನಿನ ಎದುರಿಗೆ ತಳದಲ್ಲಿ ಹಲಗೆಯ ತುಂಡೋ ದಪ್ಪ ಚಿಪ್ಪೋ ಅಂಟಿಕೊಂಡಿದ್ದರೂ ನೀರು ಕದಡಿ ಗಾಳಿ ಸೇರುತ್ತದೆ.

ನಮ್ಮ ದೋಣಿಯಲ್ಲಿ ಏನಿತ್ತು ಗೊತ್ತೇ? ಹೂಳಿಗೆ ಫ್ಯಾನು ತಾಗಬಾರದೆಂದು ಯಜಮಾನರೇ ಹಿಂದಿನ ಹಲಗೆಯ ಮೇಲೆ ಮೂರಂಗುಲದ ಮರದ ತುಂಡು ಇಟ್ಟು ಇಂಜಿನು ಎತ್ತಿ ಕಟ್ಟಿದ್ದರು. ಹೊಳೆಯೊಳಗೆ ಅದು ಸರಿಹೋಯಿತು, ತೆರೆಗೆ ಸಿಕ್ಕಿದಾಗ ಗಾಳಿ ಕುಡಿಯಿತು. ಮರದ ತುಂಡನ್ನು ತೋರಿಸಿ ಕೇಳಿದೆವು. ಮುರಿದ ಕೂಲಿಯಲ್ಲಿ ಅರ್ಧ ಹಿಂದೆ ಬಂತು. ಇನ್ನರ್ಧ ಬರಲಿಲ್ಲ.

ತಾಯಂದಿರೇ, ಮಗ ದೋಣಿಗೆ ಹೋಗುವುದಾದರೆ ಇದೊಂದನ್ನು ಹೇಳಿ ಕಳಿಸಿ. ಫ್ಯಾನಿಗೆ ನೂಲು ಸುತ್ತಿದಾಗ, ಇಂಜಿನು ನ್ಯೂಟ್ರಲ್‌ನಲ್ಲಿದೆ, ಕೈ ಹಾಕು ಎಂದು ಯಾರೇ ಹೇಳಲಿ, ಹಾಕಬಾರದು. ಇಂಜಿನು ನಿಲ್ಲಿಸಬೇಕು, ನಿಲುಗಡೆಯ ಹಗ್ಗ ಕೀಳಬೇಕು, ಪ್ಲಗ್ಗಿನ ವಯರು ತೆಗೆಯಬೇಕು. ಅಳಿವೆಯಲ್ಲಿ ಕಿರುಚಿತೆಂದರೆ ಇನ್ನಷ್ಟು ಏರಿಸಬಾರದು. ಇಳಿಸಿ, ನೀರು ಹಿಡಿಯಲು ಬಿಟ್ಟು, ಮತ್ತೆ ಏರಿಸಬೇಕು.

ಹಳೆಯ ಫ್ಯಾನೊಂದನ್ನು ಚೀಲದಲ್ಲಿ ತಂದಿದ್ದೇವೆ. ಚಹಾ ಕುಡಿಯುವಾಗ ಹುಡುಗರು ಹತ್ತಿರ ಬನ್ನಿ. ಬುಶ್ ಎಲ್ಲಿದೆ, ಗೆರೆ ಎಲ್ಲಿ ಎಳೆಯಬೇಕು, ಕೈಯಲ್ಲಿ ಹಿಡಿದೇ ನೋಡುವಿರಂತೆ.