ಸಿಂಗಾಪುರದಲ್ಲಿ ಸೋತ ಸೇನೆ ಇಂಫಾಲದಲ್ಲಿ ಗೆದ್ದದ್ದು ಹೇಗೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಬರಹರೂಪ)



ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಗೆದ್ದವು ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ. ಆದರೆ ಹೇಗೆ ಗೆದ್ದವು, ಅದಕ್ಕೂ ಮೊದಲು ಹೇಗೆ ಸೋತವು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಇವತ್ತು ಎರಡೇ ಎರಡು ಉದಾಹರಣೆಗಳನ್ನು ಇಟ್ಟುಕೊಂಡು ಮಾತನಾಡುತ್ತೇನೆ. ಒಂದು, 1942ರ ಸಿಂಗಾಪುರ. ಇನ್ನೊಂದು, 1944ರ ಇಂಫಾಲ ಮತ್ತು ಕೊಹಿಮಾ. ಎರಡೂ ಕಡೆ ಎದುರಾಳಿ ಜಪಾನ್. ಎರಡೂ ಕಡೆ ಮಿತ್ರಪಡೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದ್ದವರು ನಮ್ಮ ಭಾರತೀಯ ಸಿಪಾಯಿಗಳು. ಒಂದು ಕಡೆ ಹೀನಾಯ ಸೋಲು, ಎರಡೇ ವರ್ಷದ ನಂತರ ಇನ್ನೊಂದು ಕಡೆ ಪೂರ್ಣ ಗೆಲುವು. ನಡುವೆ ಏನು ಬದಲಾಯಿತು?

ಮೊದಲು ಸೋಲಿನ ಕಥೆ. 1941ರ ಡಿಸೆಂಬರ್ 8ರಂದು ಜಪಾನಿ ಸೈನ್ಯ ಮಲಯದ ಕೋಟಾ ಭಾರು ತೀರದಲ್ಲಿ ಇಳಿಯಿತು. ಎರಡು ದಿನ ಕಳೆಯುವಷ್ಟರಲ್ಲಿ ಬ್ರಿಟಿಷರ 'ಪ್ರಿನ್ಸ್ ಆಫ್ ವೇಲ್ಸ್' ಮತ್ತು 'ರಿಪಲ್ಸ್' ಎಂಬ ಎರಡು ದೊಡ್ಡ ಯುದ್ಧನೌಕೆಗಳು ಸಮುದ್ರದ ಪಾಲಾದವು. ಅವುಗಳ ತಲೆಯ ಮೇಲೆ ಕಾವಲಿಗೆ ಒಂದು ವಿಮಾನವೂ ಇರಲಿಲ್ಲ. ಮಲಯದ ಉತ್ತರದಲ್ಲಿ ವಾಯುಪಡೆಯವರು ವಿಮಾನ ನಿಲ್ದಾಣಗಳನ್ನು ಕಟ್ಟಿದ್ದರು. ಅವನ್ನು ಕಾಯುವುದು ಭೂಸೇನೆಯ ತಲೆಗೆ ಬಂದಿತ್ತು. ಹಾರಿಸಲು ಬೇಕಾದಷ್ಟು ವಿಮಾನಗಳು ಬರಲೇ ಇಲ್ಲ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ಮೂರು ಕಡೆ ನೇಗಿಲು ಎಳೆದ ಹಾಗಾಯಿತು.

ಅಲ್ಲಿದ್ದ ಭಾರತೀಯ ಬೆಟಾಲಿಯನ್‌ಗಳ ಸ್ಥಿತಿಯನ್ನು ಕೇಳಿ. ಯುದ್ಧ ಶುರುವಾದ ಮೇಲೆ ಭಾರತೀಯ ಸೇನೆಯನ್ನು ಅವಸರವಾಗಿ ಹಿಗ್ಗಿಸಲಾಯಿತು. ಅನುಭವಿ ಅಧಿಕಾರಿಗಳನ್ನೂ ಹವಾಲ್ದಾರರನ್ನೂ ಹೊಸ ತುಕಡಿಗಳಿಗೆ ಎತ್ತಿಕೊಂಡರು. ಹಳೆಯ ತುಕಡಿಯಲ್ಲಿ ಹೊಸಬರು, ಹೊಸ ತುಕಡಿಯಲ್ಲಂತೂ ಎಲ್ಲರೂ ಹೊಸಬರು. ಟ್ಯಾಂಕನ್ನು ಕಣ್ಣಿಂದಲೇ ನೋಡದ ಎಷ್ಟೋ ಸಿಪಾಯಿಗಳ ಮೇಲೆ ಜಪಾನಿ ಟ್ಯಾಂಕುಗಳು ನುಗ್ಗಿದವು. 1942ರ ಜನವರಿ 7ರಂದು ಸ್ಲಿಮ್ ನದಿಯ ಬಳಿ ಕೆಲವೇ ಗಂಟೆಗಳಲ್ಲಿ ಎರಡು ಬ್ರಿಗೇಡ್‌ಗಳು ನುಚ್ಚುನೂರಾದವು. 'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂದು ನಾವು ಹಾಸ್ಯಕ್ಕೆ ಹೇಳುತ್ತೇವೆ. ಅಲ್ಲಿ ಅದು ಹಾಸ್ಯವಾಗಿರಲಿಲ್ಲ.

ಮೇಲಿನ ಹಂತದಲ್ಲಿಯೂ ಹಾಗೆಯೇ. ಅಮೆರಿಕ, ಬ್ರಿಟನ್, ನೆದರ್ಲೆಂಡ್ಸ್, ಆಸ್ಟ್ರೇಲಿಯ ಸೇರಿ ಜನವರಿಯಲ್ಲಿ ಜನರಲ್ ವೇವೆಲ್ ಕೈಕೆಳಗೆ ಒಂದು ಜಂಟಿ ದಳಪತಿತ್ವ ಮಾಡಿಕೊಂಡವು. ಆದರೆ ಅಮೆರಿಕಕ್ಕೆ ಫಿಲಿಪೀನ್ಸ್ ಚಿಂತೆ, ಡಚ್ಚರಿಗೆ ಜಾವಾ ಚಿಂತೆ, ಬ್ರಿಟಿಷರಿಗೆ ಸಿಂಗಾಪುರದ ಚಿಂತೆ, ಆಸ್ಟ್ರೇಲಿಯಕ್ಕೆ ತನ್ನ ನೆಲದ ಚಿಂತೆ. ಹೆಸರಿಗೆ ಕೂಟ, ಕೆಲಸಕ್ಕೆ ನಾಲ್ಕು ದಾರಿ. ಎರಡು ತಿಂಗಳು ತುಂಬುವ ಮೊದಲೇ ಅದು ಮುಚ್ಚಿಹೋಯಿತು.

ಫೆಬ್ರವರಿ 15ರಂದು ಜನರಲ್ ಪರ್ಸಿವಲ್ ಸಿಂಗಾಪುರವನ್ನು ಜನರಲ್ ಯಮಶಿತಾಗೆ ಒಪ್ಪಿಸಿದರು. ಶರಣಾದವರು ಸುಮಾರು 80 ಸಾವಿರ. ಅವರಲ್ಲಿ ಅರ್ಧದಷ್ಟು ಭಾರತೀಯರು. ಮೈಸೂರು ಸಂಸ್ಥಾನದ ಪದಾತಿ ಬೆಟಾಲಿಯನ್ ಕೂಡ ಆ ಸೆರೆಯಾಳುಗಳಲ್ಲಿ ಇತ್ತು. ಮುತ್ತಿದ ಜಪಾನಿಗಳ ಸಂಖ್ಯೆ ಇದರ ಅರ್ಧಕ್ಕಿಂತ ಕಡಿಮೆ, ಅವರ ಮದ್ದುಗುಂಡೂ ಮುಗಿಯುತ್ತ ಬಂದಿತ್ತು. ಜನ ಹೆಚ್ಚಿದ್ದ ಮಾತ್ರಕ್ಕೆ ಬಲ ಹೆಚ್ಚುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ಎರಡನೇ ಕಥೆ. 1943ರಲ್ಲಿ ಮೌಂಟ್‌ಬ್ಯಾಟನ್ ಅವರನ್ನು ಆಗ್ನೇಯ ಏಷ್ಯದ ಮಿತ್ರಪಡೆಗಳ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಬರ್ಮಾ ಗಡಿಯಲ್ಲಿದ್ದ ಹದಿನಾಲ್ಕನೇ ಸೇನೆ ಜನರಲ್ ವಿಲಿಯಂ ಸ್ಲಿಮ್ ಅವರ ಕೈಗೆ ಬಂತು. ಇವರೇ 1942ರಲ್ಲಿ ಬರ್ಮಾದಿಂದ ಸೋತು, ನಡೆದು ಬಂದ ಪಡೆಯ ದಂಡನಾಯಕರು. ಆ ಸೋಲನ್ನು ಅವರು ಪಾಠದ ಹಾಗೆ ಓದಿದರು.

ಅವರು ಮೊದಲು ಗಮನಿಸಿದ್ದು ಬಂದೂಕನ್ನಲ್ಲ, ಕಾಯಿಲೆಯನ್ನು. ಆಗ ಗಾಯಗೊಂಡ ಒಬ್ಬ ಸಿಪಾಯಿ ಆಸ್ಪತ್ರೆಗೆ ಹೋದರೆ, ಮಲೇರಿಯಾ, ಭೇದಿ ಮುಂತಾದ ಕಾಯಿಲೆಯಿಂದ 120 ಮಂದಿ ಹೋಗುತ್ತಿದ್ದರು. ಮೆಪಾಕ್ರಿನ್ ಮಾತ್ರೆಯನ್ನು ಪ್ರತಿಯೊಬ್ಬನೂ ದಿನವೂ ನುಂಗಲೇಬೇಕು ಎಂದು ಸ್ಲಿಮ್ ಕಟ್ಟುನಿಟ್ಟು ಮಾಡಿದರು. ಇದ್ದಕ್ಕಿದ್ದಂತೆ ರಕ್ತಪರೀಕ್ಷೆ ಮಾಡಿಸಿ, ಮಾತ್ರೆ ನುಂಗಿಸದ ಕೆಲವು ಅಧಿಕಾರಿಗಳನ್ನು ಹುದ್ದೆಯಿಂದಲೇ ತೆಗೆದರು. ಕಾಯಿಲೆ ಇಳಿಯಿತು, ಸೇನೆ ಎದ್ದು ನಿಂತಿತು.

ಎರಡನೆಯದು ತರಬೇತಿ. ಶತ್ರು ಹಿಂದಿನಿಂದ ಬಂದು ರಸ್ತೆ ಕಡಿದರೆ ಓಡಬೇಡಿ, ಇದ್ದಲ್ಲೇ ನಿಲ್ಲಿ, ನಿಮಗೆ ಅನ್ನ, ಗುಂಡು ಆಕಾಶದಿಂದ ಬರುತ್ತದೆ ಎಂದು ಕಲಿಸಿದರು. 1944ರ ಫೆಬ್ರವರಿಯಲ್ಲಿ ಅರಾಕಾನಿನಲ್ಲಿ ಏಳನೇ ಭಾರತೀಯ ಡಿವಿಷನ್ ಸುತ್ತುವರಿಯಲ್ಪಟ್ಟಾಗ ಈ ಮಾತು ನಿಜವಾಯಿತು. ಅವರು ಕದಲಲಿಲ್ಲ. ಹಿಂದೆ ಸರಿದದ್ದು ಜಪಾನಿಗಳು.

ಮಾರ್ಚ್ ತಿಂಗಳಲ್ಲಿ ಜನರಲ್ ಮುತಾಗುಚಿ ಮೂರು ಡಿವಿಷನ್‌ಗಳನ್ನು ಚಿಂದ್ವಿನ್ ನದಿ ದಾಟಿಸಿ ಇಂಫಾಲದ ಕಡೆ ಹೊರಟರು. ಸೈನಿಕರ ಬಳಿ ಇದ್ದದ್ದು ಸುಮಾರು ಮೂರು ವಾರದ ದಿನಸಿ. ಇಂಫಾಲದ ಉಗ್ರಾಣ ಹಿಡಿದು ಉಣ್ಣೋಣ ಎನ್ನುವುದು ಲೆಕ್ಕಾಚಾರ. ಸ್ಲಿಮ್ ಕೂಡ ತಪ್ಪು ಮಾಡದೆ ಇರಲಿಲ್ಲ. ಗಡಿಯಿಂದ ಹದಿನೇಳನೇ ಡಿವಿಷನ್ನನ್ನು ಹಿಂದಕ್ಕೆ ಕರೆಸಲು ತಡಮಾಡಿದರು. ಕೊಹಿಮಾಕ್ಕೆ ಚಿಕ್ಕ ಪಡೆ ಬರಬಹುದು ಎಂದುಕೊಂಡಿದ್ದರು, ಬಂದದ್ದು ಇಡೀ ಡಿವಿಷನ್. ಇದನ್ನೆಲ್ಲ ಅವರೇ 'ಡಿಫೀಟ್ ಇನ್‌ಟು ವಿಕ್ಟರಿ' ಎಂಬ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ತಪ್ಪನ್ನು ಸರಿಪಡಿಸಿಕೊಳ್ಳಲು ನೆರವಾದದ್ದು ಕೂಟದ ಬಲ. ಅಮೆರಿಕದ ವಿಮಾನಗಳು ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸುತ್ತಿದ್ದವು. ಅವುಗಳಲ್ಲಿ ಕೆಲವನ್ನು ಮೌಂಟ್‌ಬ್ಯಾಟನ್ ಇಂಫಾಲಕ್ಕೆ ತಿರುಗಿಸಿದರು. ಅರಾಕಾನಿನಲ್ಲಿ ಹೋರಾಡುತ್ತಿದ್ದ ಐದನೇ ಭಾರತೀಯ ಡಿವಿಷನ್ನನ್ನು ತೋಪು, ಹೇಸರಗತ್ತೆಗಳ ಸಮೇತ ವಿಮಾನದಲ್ಲಿ ಎತ್ತಿ ತಂದರು. ಮುತ್ತಿಗೆಯ ಕಾಲದಲ್ಲಿ ಇಂಫಾಲಕ್ಕೆ ಸುಮಾರು 19 ಸಾವಿರ ಟನ್ ಸಾಮಗ್ರಿ ಆಕಾಶಮಾರ್ಗದಲ್ಲಿ ಬಂತು. ಹೊರಟ ವಿಮಾನಗಳಲ್ಲಿ ಗಾಯಾಳುಗಳು ಹೋದರು. ಅರ್ಜನ್ ಸಿಂಗ್ ಅವರ ನಾಯಕತ್ವದ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಇದೇ ಕಣಿವೆಯಿಂದ ಹಾರಾಡಿತು. ಅಮೆರಿಕದ ವಿಮಾನಗಳ ದುರಸ್ತಿಗೆ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕನ್ನಡದ ಕೈಗಳೂ ದುಡಿದವು.

ಕೊಹಿಮಾದಲ್ಲಿ ಏಪ್ರಿಲ್ 4ರಿಂದ ಎರಡು ವಾರ, ಸುಮಾರು 1,500 ಯೋಧರು ಒಂದು ದಿಬ್ಬದ ಮೇಲೆ ಸಿಕ್ಕಿಕೊಂಡರು. ಇಂಗ್ಲೆಂಡಿನ ವೆಸ್ಟ್ ಕೆಂಟ್ ದಳದವರು, ಅಸ್ಸಾಂ ರೆಜಿಮೆಂಟಿನವರು, ಅಸ್ಸಾಂ ರೈಫಲ್ಸ್‌ನವರು ಒಟ್ಟಿಗೆ ಇದ್ದರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಒಂದು ತುದಿಯಲ್ಲಿ ಇವರು, ಇನ್ನೊಂದು ತುದಿಯಲ್ಲಿ ಜಪಾನಿಗಳು. ನೀರಿನ ಮೂಲ ಶತ್ರುವಿನ ಕೈಸೇರಿತ್ತು. ಟೈರಿನ ಟ್ಯೂಬುಗಳಲ್ಲಿ ನೀರು ತುಂಬಿ ಮೇಲಿನಿಂದ ಎಸೆದರು. ನಾಗಾ ಹಳ್ಳಿಗರು ಗಾಯಾಳುಗಳನ್ನು ಹೊತ್ತರು, ಗುಂಡು ಹೊತ್ತರು, ಶತ್ರುವಿನ ಸುಳಿವು ತಂದರು. ಏಪ್ರಿಲ್ 18ರಂದು ನೆರವು ಬಂತು. ಜೂನ್ 22ರಂದು ಇಂಫಾಲದ ರಸ್ತೆ ತೆರೆಯಿತು.

ಅತ್ತ ಜಪಾನಿ ಪಡೆಯಲ್ಲಿ ಹಸಿವು. ಕೊಹಿಮಾದ ಜನರಲ್ ಸಾತೊ, ನನ್ನ ಸೈನಿಕರಿಗೆ ಅನ್ನವಿಲ್ಲ ಎಂದು ಆಜ್ಞೆ ಮೀರಿ ಹಿಂದೆ ಸರಿದರು. ಮುತಾಗುಚಿ ತಮ್ಮ ಮೂವರು ಡಿವಿಷನ್ ದಳಪತಿಗಳನ್ನೂ ತೆಗೆದುಹಾಕಿದರು. ಹೊರಟ ಸುಮಾರು 85 ಸಾವಿರ ಜನರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯ, ಕಾಯಿಲೆಗೆ ಬಿದ್ದರು. 1942ರಲ್ಲಿ ಮಿತ್ರಪಡೆಯಲ್ಲಿದ್ದ ರೋಗ ಈಗ ಎದುರಾಳಿಗೆ ಅಂಟಿತ್ತು.

ಆದರೆ ಈ ಗೆಲುವನ್ನು ಹೇಳುವಾಗ ನಮ್ಮ ದನಿ ಸ್ವಲ್ಪ ತಗ್ಗಬೇಕು. ಜಪಾನಿಗಳ ಜೊತೆ ಇಂಫಾಲಕ್ಕೆ ಬಂದವರಲ್ಲಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಸಾವಿರಾರು ಯೋಧರಿದ್ದರು. ಅವರಲ್ಲಿ ಎಷ್ಟೋ ಮಂದಿ ಸಿಂಗಾಪುರದಲ್ಲಿ ಸೆರೆಸಿಕ್ಕವರೇ. ಏಪ್ರಿಲ್ 14ರಂದು ಅವರು ಮೊಯಿರಾಂಗಿನಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಬೆಟ್ಟದ ಈ ಮಗ್ಗುಲಲ್ಲಿ ಒಬ್ಬ ಭಾರತೀಯ, ಆ ಮಗ್ಗುಲಲ್ಲಿ ಇನ್ನೊಬ್ಬ. ಇಬ್ಬರ ಊರೂ ಬಡ ಊರು, ಇಬ್ಬರೂ ಹೊರಟದ್ದು ಒಂದೇ ಸೇನೆಯಿಂದ. ಇದೇ ಸೇನೆಯ ಬೆನ್ನ ಹಿಂದೆ, 1943ರಲ್ಲಿ, ಬಂಗಾಳದ ಲಕ್ಷಾಂತರ ಜನ ಕ್ಷಾಮದಲ್ಲಿ ಸತ್ತರು. ಸಿಪಾಯಿಗೆ ಆಕಾಶದಿಂದ ಅನ್ನ ಇಳಿಸಬಲ್ಲ ಸರ್ಕಾರ ರೈತನ ಮನೆಗೆ ಅನ್ನ ಮುಟ್ಟಿಸಲಿಲ್ಲ. ಈ ಮಾತನ್ನು ಬಿಟ್ಟು ಗೆಲುವನ್ನು ಮಾತ್ರ ಹೇಳಿದರೆ ಇತಿಹಾಸ ಅರ್ಧವಾಗುತ್ತದೆ.

ಹಾಗಾದರೆ ಮಿತ್ರಪಡೆಗಳು ಗೆಲ್ಲುವುದು ಯಾವುದರಿಂದ? ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕಲ್ಲ. ಒಬ್ಬರ ವಿಮಾನ ಇನ್ನೊಬ್ಬರ ಕಷ್ಟಕ್ಕೆ ಹಾರಿದಾಗ, ಹಿಂದಿನ ಸೋಲನ್ನು ಮುಚ್ಚಿಡದೆ ಕಲಿತಾಗ, ಮಾತ್ರೆ, ನೀರು, ಅಕ್ಕಿಯಂಥ ಸಣ್ಣ ವಿಷಯಕ್ಕೂ ಒಬ್ಬ ಹೊಣೆಗಾರ ಇದ್ದಾಗ ಗೆಲ್ಲುತ್ತವೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆ ಹೊರೆ ಎನ್ನುತ್ತಾರೆ. ಆದರೆ ಹತ್ತು ಜನರೂ ಒಂದೇ ಕಣಕ್ಕೆ ತಂದು ಹಾಕಿದರೆ ಮಾತ್ರ ಅದು ಹೊರೆ.

ಕೊಹಿಮಾದ ಯುದ್ಧ ಸ್ಮಶಾನದಲ್ಲಿ 1,400ಕ್ಕೂ ಹೆಚ್ಚು ಸಮಾಧಿಗಳಿವೆ. ಅಲ್ಲಿಯೇ ಮೇಲುಗಡೆ, ದಹನಸಂಸ್ಕಾರವಾದ 900ಕ್ಕೂ ಹೆಚ್ಚು ಹಿಂದೂ ಮತ್ತು ಸಿಖ್ ಯೋಧರ ಹೆಸರುಗಳನ್ನು ಕೆತ್ತಿದ್ದಾರೆ. ಸತ್ತವರ ಹೆಸರು ಅಲ್ಲಿದೆ. ಬದುಕಿ ಬಂದವರ ಹೆಸರು ಎಲ್ಲಿದೆ? ಬಹುಶಃ ನಮ್ಮ ಸುತ್ತಲಿನ ಹಳ್ಳಿಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿ. ನಿಮ್ಮ ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಪದಕ, ಪಿಂಚಣಿ ಪುಸ್ತಕ, ಸೇನೆಯಿಂದ ಬಿಡುಗಡೆಯಾದ ಕಾಗದ ಇದ್ದರೆ ಎಸೆಯಬೇಡಿ. ಮಕ್ಕಳೇ, ಅದನ್ನು ಓದಿಸಿ, ಬರೆದಿಡಿ, ಒಂದು ಪ್ರತಿಯನ್ನು ಈ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಮುಂದಿನ ಐವತ್ತು ವರ್ಷದಲ್ಲಿ ಇಲ್ಲಿ ಓದುವವರಿಗೆ ಅದು ಪಾಠಪುಸ್ತಕದಲ್ಲಿ ಇಲ್ಲದ ಪಾಠವಾಗುತ್ತದೆ.